ಶಾಗ್ಯಕ್ಕೆ ಹೋದ ಇದ್ದಿಲು ಕಾರು

ಎಪ್ಪತ್ತನಾಲ್ಕನೆಯ ಇಸವಿಯಲ್ಲಿ ಪೆಟ್ರೋಲಿನ ಬೆಲೆ ಏರಿದ್ದೇ ತಡ, ಕೊಳ್ಳೇಗಾಲದ ಶಿವರುದ್ರಸ್ವಾಮಿ ತಮ್ಮ ಕಪ್ಪು ಆಸ್ಟಿನ್ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಮೇಲೊಂದು ಹಳೆಯ ಜಮಖಾನ ಹೊದಿಸಿಬಿಟ್ಟರು. ರೇಷ್ಮೆ ಸೀರೆಯ ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. ಪೆಟ್ರೋಲು ಹಾಕಿಸಲಾರದ ಬಡತನವೇನೂ ಇರಲಿಲ್ಲ. ಆದರೆ ಕಂಡವರಿಗೆಲ್ಲ ಮಿತವಾಗಿರಿ ಎಂದು ಬುದ್ಧಿ ಹೇಳುತ್ತ ತಾವು ಕಾರಿನಲ್ಲಿ ತಿರುಗಲು ಅವರಿಗೆ ಸಂಕೋಚವಾಗಿತ್ತು. ದಿನಾ ಬೆಳಿಗ್ಗೆ ಜಮಖಾನ ಸರಿಸಿ, ಕಾರು ಒರೆಸಿ, ಮತ್ತೆ ಹೊದಿಸಿ ಅಂಗಡಿಗೆ ನಡೆದು ಹೋಗುತ್ತಿದ್ದರು.

ಆಗ ಯಳಂದೂರಿನಿಂದ ಅವರ ಹೆಂಡತಿಯ ತಮ್ಮ ಚಿಕ್ಕಮಾದಪ್ಪ ಬಂದ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದಾಗ ಅಂಥ ಬಸ್ಸೊಂದರ ಡ್ರೈವರಾಗಿದ್ದವನು. ಈಗ ಗದ್ದೆ ನೋಡಿಕೊಂಡಿದ್ದ. ಅವನು ಬಂದ ಎತ್ತಿನ ಗಾಡಿಯ ತುಂಬ ಒಂದು ದೊಡ್ಡ ಕಬ್ಬಿಣದ ಡ್ರಮ್ಮು, ಕೊಳವೆಗಳು, ಕೈಯಲ್ಲಿ ತಿರುಗಿಸುವ ಗಾಳಿಚಕ್ರ.

"ಏನ್ಲಾ ಇದು, ಬೆಲ್ಲದ ಆಲೆಮನೆ ಇಕ್ತೀಯಾ?" ಎಂದರು ಶಿವರುದ್ರಸ್ವಾಮಿ.

"ನಿಮ್ ಕಾರಿಗೆ ಕಣ್ ಬಾವ. ಡ್ರಮ್ಮಲ್ಲಿ ಇದ್ದಿಲು ಉರೀತದೆ, ಅದ್ರ ಗ್ಯಾಸು ಸೋಸ್ಕಂಡು ಇಂಜಿನ್ನಿಗೆ ಓಯ್ತದೆ. ಅರಬ್ಬರು ಎಣ್ಣೆ ಕೊಟ್ರೆಷ್ಟು ಬುಟ್ರೆಷ್ಟು?"

"ನನ್ ಕಾರಿನ ಬೆನ್ನಿಗೆ ಒಲೆ ಕಟ್ಟಾಕೆ ಬಂದಿದ್ದೀಯಲ್ಲೋ! ಇನ್ನ ಸ್ವಲ್ಪ ಕಾಲ ತಡ್ಕೋ, ಕಾರೆಲ್ಲ ಬ್ಯಾಟರಿಲಿ ಓಡ್ತವೆ. ಪೇಪರಲ್ಲೇ ಬಂದಿತ್ತು. ಹೊಗೆ ಇಲ್ಲ, ಸದ್ದಿಲ್ಲ."

"ದೀಪಕ್ಕೇ ಕರೆಂಟಿಲ್ಲ, ಇನ್ನು ಕಾರಿಗೆ ಎಲ್ಲಿಂದ ತಂದೀರಿ? ಆ ಬ್ಯಾಟರಿ ತೂಕಕ್ಕೆ ಕಾರೇ ಕುಸಿದ್ ಕುಂತ್ಕತದೆ."

"ನಿನ್ ಇದ್ದಿಲು ಮೂಟೆ ತೂಕ ಇಲ್ವಾ? ಇಂಜಿನ್ ಶಕ್ತಿ ಅರ್ಧಕ್ಕರ್ಧ ಬಿದ್ದೋಯ್ತದೆ."

ಊಟಕ್ಕೆ ಕೂತಾಗಲೂ ಇದೇ ಮಾತು. ಮುದ್ದೆ ಮುರಿಯುತ್ತ ಒಬ್ಬರು ಸಗಣಿ ಗ್ಯಾಸು ಎಂದರೆ ಇನ್ನೊಬ್ಬರು ಅದನ್ನು ತುಂಬುವುದೆಲ್ಲಿ ಎಂದು ಕೇಳುವರು. ಬಡಿಸುತ್ತಿದ್ದ ಹೆಂಡತಿ ಚನ್ನಮಲ್ಲಮ್ಮ ಸೌಟು ಕೆಳಗಿಟ್ಟು, "ಮಾತಲ್ಲೇ ಕಾರು ಓಡೋದಾಗಿದ್ರೆ ಇಷ್ಟೊತ್ತಿಗೆ ಮಗಳ ಊರು ಶಾಗ್ಯ ಸೇರ್ಬುಡ್ತಿದ್ವಿ" ಎಂದರು. "ಬಸವಮ್ಮಂಗೆ ಏಳು ತಿಂಗಳು ತುಂಬ್ತಾ ಅದೆ. ಬಾಣಂತನಕ್ಕೆ ಕರ್ಕಂಡ್ ಬರ್ಬೇಕು. ಆ ಬಸ್ಸಿನ ಕುಲುಕಾಟದಲ್ಲಿ ನನ್ ಮಗಳನ್ನ ಕೂರ್ಸಾಕಿಲ್ಲ. ಸೋಮವಾರ ಕಾರು ಹೊರಡ್ಲೇಬೇಕು. ಅದು ಏನು ಕುಡಿದು ಓಡ್ತದೋ ನೀವಿಬ್ರೇ ನೋಡ್ಕಳಿ."

ಹೀಗೆ ರಾಜಿಯಾಯಿತು. ಹೋಗುವಾಗ ಇದ್ದಿಲು; ಇಂಜಿನ್ ಚಾಲೂ ಮಾಡಲು ಮತ್ತು ಆಪತ್ತಿಗೆ ಎಂದು ಟ್ಯಾಂಕಿನಲ್ಲಿ ಪೆಟ್ರೋಲು. ಚಿಕ್ಕಮಾದಪ್ಪ ಡ್ರಮ್ಮನ್ನು ಕಾರಿನ ಹಿಂದಕ್ಕೆ ಬಿಗಿದ. ಆಸ್ಟಿನ್ನಿನ ಹೊಳೆಯುವ ಬೆನ್ನಿಗೆ ಅದು ತಾಗಿದಾಗ ಶಿವರುದ್ರಸ್ವಾಮಿ ಮುಖ ಆ ಕಡೆ ತಿರುಗಿಸಿದರು.

ಸೋಮವಾರ ಇದ್ದಿಲು ಹತ್ತಿಸಿ, ಚಿಕ್ಕಮಾದಪ್ಪ ಬೆವರಿಳಿಯುವಂತೆ ಗಾಳಿಚಕ್ರ ತಿರುಗಿಸಿ, ಕೊನೆಗೂ ಕಾರು ಹೊರಟಿತು. ಮಧುವನಹಳ್ಳಿಯವರೆಗೆ ಸೊಗಸಾಗಿ ಓಡಿತು. "ನೋಡಿದ್ರಾ ಬಾವ?" ಎನ್ನುತ್ತಿದ್ದ ಚಿಕ್ಕಮಾದಪ್ಪನ ಮುಖದಲ್ಲಿ ಇಪ್ಪತ್ತರ ಹುಡುಗನ ಕಳೆ. ತಾನು ಬಸ್ಸು ಬಿಡುತ್ತಿದ್ದಾಗ, ಅದು ಏರು ಹತ್ತುವಷ್ಟರಲ್ಲಿ ಜನ ಇಳಿದು ಚಹಾ ಕುಡಿದು ಬಂದು ಮತ್ತೆ ಹತ್ತುತ್ತಿದ್ದುದನ್ನು ಹೇಳಿ ತಾನೇ ನಕ್ಕ. ಕಾಮಗೆರೆ ದಾಟಿ ಏರು ಶುರುವಾದಾಗ ಸೈಕಲ್ಲಿನವನೊಬ್ಬ ಅವರನ್ನು ಹಿಂದೆ ಹಾಕಿ, ತಿರುಗಿ ನೋಡಿ, ಕೈಮುಗಿದು ಹೋದ. ಇನ್ನೊಂದಿಷ್ಟು ದೂರ ಹೋಗುವಷ್ಟರಲ್ಲಿ ಕಾರು ಏದುಸಿರು ಬಿಟ್ಟು ನಿಂತಿತು.

"ಇಳೀರಿ, ಒಂದಷ್ಟು ತಳ್ಳುಮ. ಬೂದಿ ಕಟ್ಕಂಡದೆ ಅಷ್ಟೆ" ಎಂದ ಚಿಕ್ಕಮಾದಪ್ಪ.

ಚನ್ನಮಲ್ಲಮ್ಮ ಹಣೆ ಒತ್ತಿಕೊಳ್ಳುತ್ತ ಇಳಿದು, ಮಗಳಿಗೆ ಮಾಡಿದ್ದ ಕಜ್ಜಾಯದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮುಂದೆ ನಡೆದರು. ಚಿಕ್ಕಮಾದಪ್ಪ ಬೂದಿ ಕೆದಕಿ ಮತ್ತೆ ಸ್ಟೀರಿಂಗು ಹಿಡಿದ. ಜರಿಯಂಚಿನ ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಶಿವರುದ್ರಸ್ವಾಮಿ ಹಿಂದಿನಿಂದ ತಳ್ಳಿದರು. ಏರಿನ ತುದಿಯಲ್ಲಿ ಚನ್ನಮಲ್ಲಮ್ಮ ತಿರುಗಿ ಗಂಡನನ್ನು ನೋಡಿದರು. ಮೂಗು, ಗಲ್ಲ, ವಿಭೂತಿಯ ಹಣೆ ಎಲ್ಲ ಮಸಿ. ಅವರಿಗೆ ನಗು ತಡೆಯಲಾಗಲಿಲ್ಲ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ನಕ್ಕರು. ಕೋಪಿಸಿಕೊಳ್ಳಬೇಕೆಂದಿದ್ದ ಶಿವರುದ್ರಸ್ವಾಮಿಯೂ ಕಾರಿನ ಕನ್ನಡಿಯಲ್ಲಿ ಮುಖ ಕಂಡು ನಕ್ಕುಬಿಟ್ಟರು.

ಹನೂರು ಹಾದು ಶಾಗ್ಯ ಸೇರಿದಾಗ ಹೊತ್ತು ನೆತ್ತಿಯಿಂದ ಇಳಿದಿತ್ತು. ಬಾಗಿಲಿಗೆ ಬಂದ ಬಸವಮ್ಮ ಅಪ್ಪನನ್ನು ನೋಡಿ, "ಅಯ್ಯೋ, ಕಾರಿನ್ ಒಳಗೆ ಬಂದ್ರೋ, ಒಲೆ ಒಳಗೆ ಬಂದ್ರೋ?" ಎನ್ನುತ್ತ ಹತ್ತಿರ ಬಂದವಳು, ಡ್ರಮ್ಮಿನ ಗಾಳಿ ಬಡಿದು ಕೆಮ್ಮತೊಡಗಿದಳು. ಕೆಮ್ಮು ನಿಲ್ಲಲಿಲ್ಲ. ಚನ್ನಮಲ್ಲಮ್ಮ ಅವಳನ್ನು ಒಳಗೆ ಕರೆದೊಯ್ದು ನೀರು ಕುಡಿಸಿ ಬಂದರು.

"ಮಾದಪ್ಪ, ದಾರಿಯುದ್ದಕ್ಕೂ ನನ್ ತಲೆ ಸಿಡೀತಾ ಅದೆ. ಬಸುರಿ ಹೆಂಗಸನ್ನ ಇದ್ರ ಮುಂದೆ ಕೂರ್ಸಾಕೆ ಆಗಲ್ಲ."

ಚಿಕ್ಕಮಾದಪ್ಪ ಡ್ರಮ್ಮಿನ ಹತ್ತಿರ ಬಗ್ಗಿ ಮೂಸಿ ನೋಡಿದ. "ದಿಟ ಅಕ್ಕ. ಬಸ್ಸಲ್ಲೂ ಹಿಂದ್ಗಡೆ ಕುಂತೋರ್ಗೆ ತಲೆ ಸುತ್ತೋದು. ಮರ್ತೇ ಬುಟ್ಟಿದ್ದೆ" ಎಂದು ಕೆಂಡ ಹೊರಗೆ ಸುರಿದು, ಡ್ರಮ್ಮು ಆರಿದ ಮೇಲೆ ತಾನೇ ಬಿಚ್ಚತೊಡಗಿದ. ಅವನ ಮುಖ ನೋಡಿ ಶಿವರುದ್ರಸ್ವಾಮಿಗೆ ವಾದ ಗೆದ್ದ ಸಂತೋಷವೆಲ್ಲ ಹೋಗಿಬಿಟ್ಟಿತು. "ನೀನು ಇಲ್ಲಿಗಂಟ ತಂದು ಮುಟ್ಸಿದ್ದೇ ದೊಡ್ಡದು ಕಣ್ಲಾ" ಎಂದು ಇನ್ನೊಂದು ಕಡೆ ಹಿಡಿದುಕೊಂಡರು.

ಅವರ ಅಳಿಯ ಕೆಂಪನಂಜಪ್ಪ ಅಷ್ಟು ಹೊತ್ತೂ ಡ್ರಮ್ಮಿನ ಸುತ್ತ ತಿರುಗುತ್ತಿದ್ದ. ಮಾತು ಕಡಿಮೆಯವನು. "ಮಾವ, ನನ್ ಬಾವಿ ಪಂಪು ಸೀಮೆಎಣ್ಣೆದು. ಎಣ್ಣೆ ಸಿಗದೆ ಸುಮ್ನೆ ನಿಂತದೆ. ಇದು ಅದಕ್ಕೆ ಆದದಾ?"

ಚಿಕ್ಕಮಾದಪ್ಪ ತಲೆಯೆತ್ತಿದ. "ಪಂಪು ಏರು ಹತ್ತಬೇಕಾಗಿಲ್ಲ" ಎಂದ ನಿಧಾನವಾಗಿ.

"ತೂಕ ಆದ್ರೂ ಬಾಧೆ ಇಲ್ಲ, ಇದ್ದಲ್ಲೇ ಇರ್ತದೆ" ಎಂದರು ಶಿವರುದ್ರಸ್ವಾಮಿ.

"ಬಯಲಲ್ಲಿ ಹೊಗೆ ಯಾರಿಗೂ ತಟ್ಟಾಕಿಲ್ಲ" ಎಂದರು ಚನ್ನಮಲ್ಲಮ್ಮ.

ಮೂವರೂ ಒಂದೇ ಮಾತು ಒಪ್ಪಿದ್ದು ಅದೇ ಮೊದಲು. ಆ ಸಂಜೆ, ಮಾರನೆಯ ಬೆಳಿಗ್ಗೆ ಎಲ್ಲ ಬಾವಿಯ ಹತ್ತಿರವೇ ಕಳೆಯಿತು. ಕೊಳವೆ ಕೂಡಿಸಿದರು, ಸಂದಿಗೆ ಮಣ್ಣು ಮೆತ್ತಿದರು, ಗಾಳಿ ಹೆಚ್ಚಾಯಿತು ಕಡಿಮೆಯಾಯಿತು ಎಂದು ಬೈದಾಡಿಕೊಂಡರು. ಪಂಪು ಎರಡು ಸಲ ಕೆಮ್ಮಿ ಸತ್ತಿತು. ಮತ್ತೊಮ್ಮೆ ತಿರುಗಿಸಿದಾಗ ಹಿಡಿದುಕೊಂಡು, ಬಡಬಡ ಸದ್ದು ಮಾಡುತ್ತ ನೀರೆತ್ತಿತು. ಕಾಲುವೆಯ ಒಣ ಎಲೆಗಳನ್ನು ತಳ್ಳಿಕೊಂಡು ನೀರು ಹಿಪ್ಪುನೇರಳೆ ತೋಟಕ್ಕೆ ಹರಿದದ್ದನ್ನು ಕೆಂಪನಂಜಪ್ಪ ಹಿಂದೆಯೇ ನಡೆದು ನೋಡಿದ. ತುಂಬ ದೂರ ಹೋಗಿ, ಅಲ್ಲಿಂದ ಕೈಯೆತ್ತಿ ಕೂಗಿದ.

ಚಿಕ್ಕಮಾದಪ್ಪ ಕಾಲುವೆಯಲ್ಲಿ ಕಾಲಿಳಿಬಿಟ್ಟು ಕೂತ. "ನಾನು ಎರಡು ದಿನ ಇಲ್ಲೇ ಇರ್ತೀನಿ ಬಾವ. ಇದ್ರ ನಡತೆ ಅಳೀಮಯ್ಯಂಗೆ ಕಲಿಸ್ಬೇಕು."

ಮಧ್ಯಾಹ್ನ ಬಸವಮ್ಮನಿಗೆ ಮಡಿಲು ತುಂಬಿದರು. ಹಿಂದಿನ ಸೀಟಿನಲ್ಲಿ ಅವಳ ಬೆನ್ನಿಗೆ ದಿಂಬು ಕೊಟ್ಟು, ಚನ್ನಮಲ್ಲಮ್ಮ ಪಕ್ಕದಲ್ಲಿ ಕೂತರು. ಟ್ಯಾಂಕಿನಲ್ಲಿದ್ದ ಪೆಟ್ರೋಲಿನಲ್ಲಿ ಕಾರು ಸದ್ದಿಲ್ಲದೆ ಹೊರಟಿತು. ಗುಂಡಿಗಳನ್ನು ಬಳಸಿ, ಎತ್ತಿನ ಗಾಡಿ ಬಂದಾಗ ಪೂರ್ತಿ ನಿಲ್ಲಿಸಿ, ಶಿವರುದ್ರಸ್ವಾಮಿ ನೀರು ತುಂಬಿದ ಕೊಡ ಹೊತ್ತವರಂತೆ ಕಾರು ನಡೆಸಿದರು. ಹನೂರಿನಲ್ಲಿ ಬಸವಮ್ಮ ಮಾವಿನಕಾಯಿ ಬೇಕೆಂದಳು. ಅವರು ತಾವೇ ಇಳಿದು, ಹುಳಿ ಇರುವುದನ್ನೇ ಆರಿಸಿ, ಉಪ್ಪು ಖಾರ ಹಾಕಿಸಿ ತಂದರು. ಒಂದು ಹೋಳು ತಮ್ಮ ಬಾಯಿಗೂ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಕೊಳ್ಳೇಗಾಲದ ಕಡೆ ಗೇರು ಹಾಕಿದರು.