ಸಾಬಮ್ಮನ ಕೊನೆಯ ಸ್ನಾನ

ಎರಡನೆಯ ಮಹಾಯುದ್ಧದ ದಿನಗಳವು. ಕರಜಗಿಯ ಸಾಬಮ್ಮನಿಗೆ ಕ್ಷಯ ಎಂದು ಡಾಕ್ಟರು ಹೇಳಿದ ಮೇಲೆ ಕೂಸಿರುವ ಮನೆಯಲ್ಲಿ ಅವಳನ್ನು ಇಟ್ಟುಕೊಳ್ಳುವಂತಿರಲಿಲ್ಲ. ಗಂಡ ಅಣ್ಣಾರಾಯ ಹೊಲದಲ್ಲೊಂದು ಗುಡಿಸಲು ಹಾಕಿಕೊಟ್ಟ. ಅತ್ತೆ ಭಾಗಮ್ಮ ದಿನಾ ರೊಟ್ಟಿ ತಂದು ಬಾಗಿಲಲ್ಲಿಟ್ಟು, ದೂರ ನಿಂತು, ಸೊಸೆ ಉಂಡದ್ದನ್ನು ನೋಡಿ ಹೋಗುತ್ತಿದ್ದಳು.

ಒಳಗೆ ಬಂದು ಕೂರುತ್ತಿದ್ದವಳು ಪಕ್ಕದ ಹೊಲದ ಖುರ್ಷಿದಬೇಗಂ ಒಬ್ಬಳೇ. ಗಂಡ, ಮಕ್ಕಳಿಲ್ಲದ ಒಂಟಿ ಜೀವ. ಮುಸಲ್ಮಾನರ ಮನೆಗಳಲ್ಲಿ ಹೆಂಗಸರು ಸತ್ತರೆ ಮೈ ತೊಳೆಯಲು ಅವಳನ್ನೇ ಕರೆಯುತ್ತಿದ್ದರು.

ಒಂದು ದಿನ ಸಾಬಮ್ಮ ಕೇಳಿದಳು, “ಆಪಾ, ಸತ್ತವರಿಗಿ ಥಂಡಿ ಹತ್ತತದೇನು?”

ಆರಾಮಾಗುತ್ತೀ ಬಿಡು ಎಂದು ಉಳಿದವರಂತೆ ಖುರ್ಷಿದಬೇಗಂ ಹೇಳಲಿಲ್ಲ.

“ನನಗೇನು ಗೊತ್ತು ಬೇ. ಆದ್ರ ನಾ ತಣ್ಣೀರು ಹಾಕಂಗಿಲ್ಲ. ಕಾಸಿ, ಮದಲ ನನ್ನ ಕೈಮ್ಯಾಗ ಸುರಕೊಂಡು ನೋಡ್ತೇನಿ.”

“ಅವರಿಗೇನು ತಿಳೀತದ?”

“ತಿಳಿದ್ರ? ಮಾತೂ ಆಡ್ತೇನಿ. ಈಗ ಕೈ ತೊಳೀತೇನಿ, ಅಂಜಬ್ಯಾಡ ಅಂತೇನಿ.”

ಹೊರಗೆ ಜೋಳದ ಹೊಲದಲ್ಲಿ ಯಾರೋ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ಸಾಬಮ್ಮನ ಕಣ್ಣು ತುಂಬಿದವು.

“ಈಗೇ ನನಗ ಯಾರೂ ಮುಟ್ಟವಲ್ಲರು. ಸತ್ತ ಮ್ಯಾಲ ಕೋಲಿನಿಂದ ನೂಕ್ತಾರೇನೋ ಅಂತ ಜೀವ ಹಾರ್ತದ. ನೀನೇ ನನಗ ನೀರು ಹಾಕು, ಆಪಾ.”

“ನಿಮ್ಮವರು ಒಪ್ಪಂಗಿಲ್ಲ.”

“ನೀ ಹೂಂ ಅನ್ನು.”

“ಹೂಂ.”

ಆಮೇಲೆ ಅವಳಿಗೆ ತುಸು ನಿದ್ದೆ ಹತ್ತಿತು. ಅಂಜಿಕೆ ಪೂರಾ ಹೋಗಲಿಲ್ಲ. ಕೆಮ್ಮಿನಲ್ಲಿ ರಕ್ತ ಬಂದಾಗ ಖುರ್ಷಿದಬೇಗಂಳ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು. ಸುಗ್ಗಿ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ, ಆ ಹಿಡಿತ ಸಡಿಲಿತು.

ಸಾಬಮ್ಮನ ಆಸೆಯನ್ನು ಖುರ್ಷಿದಬೇಗಂ ತಿಳಿಸಿದಾಗ ಹಿರಿಯರು ಗೊಣಗಿದರು. ಅಣ್ಣಾರಾಯ ತಲೆ ತಗ್ಗಿಸಿ ಕೂತಿದ್ದ. ಭಾಗಮ್ಮನೇ ಎದ್ದು ನಿಂತಳು.

“ನಿಮ್ಮ ಮನಿ ಹೆಣ್ಮಕ್ಕಳು ಯಾರು ಮುಟ್ತಾರ, ಮುಂದ ಬರ್ರಿ.”

ಯಾರೂ ಬರಲಿಲ್ಲ.

“ನಾನೂ ಮುಟ್ಟಲಿಲ್ಲ,” ಎನ್ನುತ್ತ ಮುದುಕಿ ಅತ್ತಳು.

ನೀರು ಕಾಯಿತು. ಅದೆಷ್ಟೋ ಹೆಂಗಸರ ಮೈ ತೊಳೆದ ಖುರ್ಷಿದಬೇಗಂ ಮೊದಲು ತನ್ನ ಕೈಮೇಲೆ ಸುರಿದುಕೊಂಡು ನೋಡಿದಳು; ಅಂಜಬ್ಯಾಡ ಎನ್ನಲು ಹೋಗಿ ತಂಬಿಗೆ ಕೆಳಗಿಟ್ಟಳು.

“ನೀವು ಮಾತಾಡ್ರಿ ಯವ್ವಾ, ನನಗ ಆಗವಲ್ದು,” ಎಂದಳು.

ಬಾಗಿಲಲ್ಲಿದ್ದ ಭಾಗಮ್ಮ ಒಳಗೆ ಬಂದು ತಂಬಿಗೆ ಎತ್ತಿಕೊಂಡಳು. “ಸಾಬವ್ವಾ, ನಾ ಬಂದೇನಿ ನನ್ನವ್ವ,” ಎಂದು ಸೊಸೆಯ ತಲೆ ಸವರಿದಳು.

ಮಣ್ಣು ಮಾಡಿ ಬಂದ ಸಂಜೆ ಖುರ್ಷಿದಬೇಗಂಗೆ ಮನೆಯಲ್ಲಿ ಒಬ್ಬಳೇ ಕೂರಲಾಗಲಿಲ್ಲ. ಭಾಗಮ್ಮನ ಕಟ್ಟೆಗೆ ಬಂದಳು.

“ಇಷ್ಟು ಮಂದಿಗಿ ಅಂಜಬ್ಯಾಡ ಅಂದೇನಿ, ಯವ್ವಾ. ಇವತ್ತು ನನಗೇ ಸಾವಿನ ಅಂಜಿಕಿ ಬರಾಕತ್ತದ.”

“ನನಗೂ ಬಂದದ. ಕೂಡು ಬಾ,” ಎಂದು ಭಾಗಮ್ಮ ಸರಿದು ಜಾಗ ಕೊಟ್ಟಳು.

ಒಳಗೆ ಕೂಸು ಅಳುತ್ತಿತ್ತು. ಅಣ್ಣಾರಾಯ ಅದನ್ನು ಎತ್ತಿಕೊಂಡು ಅಡ್ಡಾಡುವ ಸಪ್ಪಳ ಕೇಳುತ್ತ ಇಬ್ಬರೂ ಹಾಗೆಯೇ ಕೂತರು.