ಕಲ್ಲು ಮೇಯಿಸಿದವರು

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ನನ್ನ ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಹದಿನೆಂಟು ವರ್ಷದಿಂದ ಈ ತಾಲ್ಲೂಕಿನವರು ಬರೆದ ಕಸವನ್ನೆಲ್ಲ ಟೈಪು ಮಾಡಿದ ಬೆರಳುಗಳು ಇವು. ಮದುವೆ ಕಾರ್ಡು, ತಿಥಿ ಕಾರ್ಡು, ಪಹಣಿ ತಿದ್ದುಪಡಿಯ ಅರ್ಜಿ, ಇವುಗಳ ಮೇಲೆ ನನಗೆ ಸಿಟ್ಟಿಲ್ಲ. ಮದುವೆಯಾಗುವವರಿಗೂ ಸತ್ತವರಿಗೂ ಹೊಸದಾಗಿ ಹೇಳುವುದೇನೂ ಇರುವುದಿಲ್ಲ. ನನ್ನ ಸಿಟ್ಟೆಲ್ಲ ಕಥೆಗಾರರ ಮೇಲೆ.

ನಿವೃತ್ತ ಹೆಡ್‌ಮಾಸ್ಟರು ವೃಷಭೇಂದ್ರಪ್ಪನವರು ವರ್ಷಕ್ಕೊಂದು ಅದ್ಭುತ ಕಾದಂಬರಿ ಹೊತ್ತು ತರುತ್ತಿದ್ದರು. ಎಲ್ಲದರಲ್ಲೂ ಒಬ್ಬ ರಾಜಕುಮಾರ, ಒಂದು ಶಾಪದ ಕೊಳ, ಮಾತಾಡುವ ಒಂದು ಗಿಣಿ. ಒಂದು ವರ್ಷ ಗಿಣಿಯನ್ನು ತೆಗೆದು ಗೊರವಂಕ ಹಾಕಿ, "ಈ ಸಲ ಪೂರಾ ಹೊಸ್ದು ಕಣ್ಲಾ ದೊರೆಸ್ವಾಮಿ" ಎಂದರು. ಹುಡುಗರದು ಇನ್ನೊಂದು ಬಗೆ. ಪಕ್ಕದ ಬೇಗೂರು ದಾಟಿದರೆ ಬಿಸಿಲು ಜಾಸ್ತಿ ಅನ್ನುವವನು ಹಿಮದ ಕೋಟೆ ಕಟ್ಟುತ್ತಾನೆ, ಬೆಂಕಿ ಉಗುಳುವ ಹಾವಿಗೆ ರೆಕ್ಕೆ ಅಂಟಿಸುತ್ತಾನೆ. ಫೋನಿನಲ್ಲಿ ನೋಡಿದ್ದನ್ನು ಹಾಳೆಗೆ ಇಳಿಸಿ, ಸಾರ್ ನನ್ನ ಕಲ್ಪನೆ ಹೇಗಿದೆ ಎಂದು ಕೇಳುತ್ತಾನೆ. ನಾನು ಪುಟದ ಲೆಕ್ಕ ಹೇಳಿ ಕಳಿಸುತ್ತಿದ್ದೆ.

ಇವರ ಮೇಲಿನ ಹಟಕ್ಕೇ ನಾನೂ ಬರೆಯಲು ಕೂತೆ. ಯಾರೂ ಎಲ್ಲೂ ಬರೆಯದ ಒಂದು ಲೋಕ ಕಟ್ಟಬೇಕು. ಬಳಸಬಾರದ್ದರ ಒಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ: ರಾಜ, ಕತ್ತಿ, ಶಾಪ, ಉಂಗುರ, ಏಳು ಎಂದು ಶುರುವಾಗುವ ಎಲ್ಲವೂ. ಹನ್ನೊಂದು ವರ್ಷದಲ್ಲಿ ನಾಲ್ಕು ಕಾದಂಬರಿ ಬರೆದು ಹರಿದೆ. ಮೋಡದೊಳಗಿನ ಊರೊಂದನ್ನು ಮಾಡಿದೆ, ಯಾರೋ ಮೊದಲೇ ಮಾಡಿದ್ದರು. ನೆರಳುಗಳು ಮಾತಾಡುವ ನಾಡು ಮಾಡಿದೆ, ಅದನ್ನಂತೂ ಮೂರು ಜನ ಮಾಡಿದ್ದರು. ಒಲೆಗೆ ಹಾಳೆ ಹಾಕುತ್ತಿದ್ದ ನನ್ನನ್ನು ನೋಡಿ ಹೆಂಡತಿ ಶಾಂತಿ, "ಯಾರೂ ಬರೀದೆ ಇರೋದೇ ಬೇಕು ಅಂದ್ರ ಖಾಲಿ ಹಾಳೇನೇ ಅಚ್ಚಾಕ್ಸಿ ಬುಡಿ" ಎಂದಳು. ಎರಡು ದಿನ ಅವಳೊಂದಿಗೆ ಮಾತು ಬಿಟ್ಟಿದ್ದೆ.

ಆಮೇಲೆ ಒಂದು ಬೆಳಿಗ್ಗೆ ಜೆರಾಕ್ಸ್ ಮಿಷನ್ನಿಗೆ ಟೋನರ್ ಹಾಕುತ್ತಿದ್ದಾಗ ಅದು ಹೊಳೆಯಿತು. ಕಲ್ಲುಗಳು ಮೇಯುವ ಒಂದು ನಾಡು. ಬೆಳಗಾದರೆ ಜನ ಕರಿಕಲ್ಲಿನ ಮಂದೆಯನ್ನು ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತಾರೆ, ಸಂಜೆ ಒಂದು ದೊಡ್ಡ ಬಂಡೆಯ ಬಿರುಕಿನೊಳಗೆ ಕೂಡುತ್ತಾರೆ. ಮೇಯದ ಕಲ್ಲು ಸೊರಗುತ್ತದೆ, ಕಲ್ಲು ಸೊರಗಿದ ಊರಿನ ಎಲ್ಲೆಯೂ ಸೊರಗುತ್ತದೆ. ಕೈಯ ಮಸಿ ತೊಳೆಯದೆ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ನಾಲ್ಕೇ ತಿಂಗಳಲ್ಲಿ ಬರೆದು ಮುಗಿಸಿದೆ. 'ಕಲ್ಲುಗಾಹಿ' ಎಂದು ಹೆಸರಿಟ್ಟೆ.

ಮುನ್ನುಡಿಯನ್ನು ಬೇರೆಯವರಿಂದ ಬರೆಸಲಿಲ್ಲ. ನಾನೇ ಬರೆದೆ: "ಈ ಕಾದಂಬರಿಯ ಒಂದು ಕಲ್ಲೂ ಇನ್ನೊಬ್ಬರದಲ್ಲ. ಇಂಥ ಆಚರಣೆಯಾಗಲಿ ನಂಬಿಕೆಯಾಗಲಿ ಭೂಮಿಯ ಮೇಲೆ ಎಲ್ಲೂ ಇಲ್ಲ. ಎಲ್ಲವೂ ನನ್ನ ತಲೆಯಲ್ಲಿ ಹುಟ್ಟಿದ್ದು." ಚಾಮರಾಜನಗರದಲ್ಲಿ ಬಿಡುಗಡೆಯಾದಾಗ ಅದನ್ನು ವೃಷಭೇಂದ್ರಪ್ಪನವರ ಬಾಯಿಂದಲೇ ಓದಿಸಿದೆ. ಹುಳಿ ಮಜ್ಜಿಗೆ ಕುಡಿದವರ ಹಾಗೆ ಮುಖ ಮಾಡಿಕೊಂಡು ಓದಿದರು. ನನಗೆ ಬಹಳ ಸಂತೋಷವಾಯಿತು.

ಅದಾಗಿ ಎಂಟು ತಿಂಗಳಿಗೆ, ಒಂದು ಸೋಮವಾರ, ಒಬ್ಬ ಮುದುಕಿ ಮತ್ತು ಒಬ್ಬ ಹುಡುಗಿ ಅಂಗಡಿಗೆ ಬಂದರು. ಹುಡುಗಿಯ ಕೈಯಲ್ಲಿ ನನ್ನ ಪುಸ್ತಕ ಇತ್ತು. ಓದುಗರು ಎಂದುಕೊಂಡು ಸ್ಟೂಲು ಎಳೆದು ಕೊಟ್ಟೆ. ಇಬ್ಬರೂ ಕೂರಲಿಲ್ಲ.

"ನಾನು ಚೈತ್ರ ಅಂತ ಸಾರ್, ಚಾಮರಾಜನಗರದಲ್ಲಿ ಬಿ.ಎ. ಓದ್ತಾ ಇವ್ನಿ. ಇವ್ರು ನಮ್ಮಜ್ಜಿ ಚಿಕ್ಕನಿಂಗಮ್ಮ. ಭೀಮನಬೀಡಿಂದಾಚೆ ನಮ್ದು ಎಂಟು ಮನೆ ಹುಂಡಿ, ಸಣ್ಣೂರು. ಅಲ್ಲಿ ನಮ್ಮ ಕೊಟ್ಟಿಗೆಬಂಡೆ ಅದ. ಅದನ್ನ ಕ್ವಾರಿಗೆ ಕೊಡ್ತಾವ್ರೆ."

"ಅರ್ಜಿ ಬರೀಬೇಕಾ?"

"ಬರ್ದಾಯ್ತು ಸಾರ್. ಆ ಬಂಡೆ ನಮ್ಮ ದೇವ್ರು, ವರ್ಸಕ್ಕೊಂದಪ ನಾವು ಅಲ್ಲಿಂದ ಕಲ್ಲು ಮೇಯ್ಸಕ್ಕೆ ಓಗ್ತೀವಿ, ಒಡೀಬ್ಯಾಡಿ ಅಂತ ಬರ್ದು ಕೊಟ್ಟೊ. ಅದ್ಕೆ ಕ್ವಾರಿ ಕಡೆ ಲಾಯರು ಶಂಕರ್ ಅನ್ನೋರು ನಿಮ್ಮ ಪುಸ್ತಕ ತಂದು ಮಡಗವ್ರೆ. ಇವ್ರದ್ದೆಲ್ಲ ಕಟ್ಟುಕತೆ, ಈ ಕಾದಂಬರಿ ಓದಿ ಕದ್ದು ಬರ್ದವ್ರೆ, ಇಂತಾ ಆಚರಣೆ ಎಲ್ಲೂ ಇಲ್ಲ ಅಂತ ಬರ್ದೋರೇ ಒಪ್ಪವ್ರೆ ಅಂತ."

ಅವಳು ಮುನ್ನುಡಿಯ ಪುಟ ತೆರೆದು ಮೇಜಿನ ಮೇಲಿಟ್ಟಳು. ಕಲ್ಲು ಮೇಯಿಸಲು ಹೋಗುತ್ತೀವಿ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತ್ತು. ಹನ್ನೊಂದು ವರ್ಷ ಬೆಂದು ಕಂಡುಕೊಂಡದ್ದನ್ನು ಇವರು ಅರ್ಜಿಗೆ ಎತ್ತಿಕೊಂಡಿದ್ದಾರೆ ಎಂದೇ ತಿಳಿದೆ.

"ಅಲ್ಲ ಕಣಮ್ಮಿ, ನನ್ನ ಪುಸ್ತಕ ಕದ್ದು ನನ್ನ ಅಂಗಡೀಗೇ ಬಂದಿದ್ದೀಯಲ್ಲ, ನಿನಗೆ ಎಷ್ಟು ಧೈರ್ಯ?"

ಮುದುಕಿ ಆಗ ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ. "ಆರು ವರ್ಸದ ಕೆಳಗ ನಾನು ಇಲ್ಲೇ ಬಂದಿದ್ದಿ ಕಣಪ್ಪ. ಆಗ್ಲೂವೆ ಬಂಡೆ ಅಳೆಯಕ್ಕೆ ಬಂದಿದ್ರು. ನಾನು ಯೋಳ್ದಿ, ನೀನು ಟೈಪ್ ಮಾಡ್ದೆ. ಆಮೇಲೆ ಈ ಕಲ್ಲು ಮೇಯ್ಸೋ ಪುರಾಣ ಎಲ್ಲ ಬ್ಯಾಡ ಅಜ್ಜಿ, ಆಫೀಸರು ನಗ್ತಾನ ಅಂದ್ಬುಟ್ಟು ನೀನೇ ತಗ್ದೆ. ಬರೀ ನಾಕು ಸಾಲು ಮಡಗ್ದೆ. ಆಧಾರ ಇಲ್ಲ ಅಂತ ಅದು ವಾಪಸ್ ಬಂತು. ಅವತ್ತು ಕ್ವಾರಿಯವ್ರೇ ಅವರವರಲ್ಲಿ ಕಿತ್ತಾಡ್ಕಂಡು ಬಂಡೆ ಉಳ್ಕಂತು."

ನನಗೆ ನೆನಪಿರಲಿಲ್ಲ. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಇರಲಿಲ್ಲ. ತಿಂಗಳಿಗೆ ಇನ್ನೂರು ಅರ್ಜಿ ಟೈಪು ಮಾಡುತ್ತೇನೆ. ಜನರ ಮಾತು ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತದೆ, ನಡುವೆ ತಲೆಗೆ ಕೆಲಸವಿಲ್ಲ. ಹಾಗಂತಲೇ ನಂಬಿದ್ದೆ.

"ಈ ಗುರುವಾರ ವಿಚಾರಣೆ ಅದ ಸಾರ್," ಎಂದಳು ಚೈತ್ರ. "ನಿಮ್ಗೂ ನೋಟೀಸ್ ಬತ್ತದ. ನಮ್ಮಜ್ಜಿ ಮೊದಲು ಯೋಳಿದ್ರು ಅಂತ ಒಂದು ಮಾತು ಅಂದ್ಬುಡಿ. ನಮ್ಗೆ ಇನ್ನೇನೂ ಬ್ಯಾಡ. ಹಳೇ ಅರ್ಜಿ ಕಂಪ್ಯೂಟ್ರಲ್ಲಿ ಇದ್ರೆ ಪ್ರಿಂಟ್ ಕೊಡಿ."

"ಆ ಹಾರ್ಡ್‌ಡಿಸ್ಕ್ ಹೋಗಿ ಮೂರು ವರ್ಷ ಆಯ್ತು," ಎಂದೆ.

ಹಾರ್ಡ್‌ಡಿಸ್ಕ್ ಹೋಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನ್ನದು. ತಪ್ಪೇ ಇಲ್ಲ ಎನ್ನುವವನು ಆ ಸುಳ್ಳನ್ನು ಯಾಕೆ ಹೇಳಬೇಕಿತ್ತು? ಅವರು ಭೀಮನಬೀಡಿನ ಕಡೆಯ ಬಸ್ಸು ಹತ್ತುವವರೆಗೆ ನೋಡುತ್ತಾ ನಿಂತಿದ್ದೆ. ಆಮೇಲೆ ಶಟರ್ ಅರ್ಧ ಎಳೆದು ಹುಡುಕಿದೆ. ತಿದ್ದುಪಡಿಗೆ ಜನ ವಾಪಸು ಬರುತ್ತಾರೆಂದು ನಾನು ಯಾವ ಫೈಲನ್ನೂ ಅಳಿಸುವುದಿಲ್ಲ. ಚಿಕ್ಕನಿಂಗಮ್ಮ ಬಂಡೆ ಒಂದು, ಚಿಕ್ಕನಿಂಗಮ್ಮ ಬಂಡೆ ಎರಡು ಎಂದು ಎರಡು ಫೈಲು ಸಿಕ್ಕವು. ಎರಡನೆಯದರಲ್ಲಿ ನಾಲ್ಕು ಸಾಲು. ಮೊದಲನೆಯದರಲ್ಲಿ ಒಂದೂವರೆ ಪುಟ.

ಮಾರ್ನವಮಿ ಕಳೆದ ಮೇಲೆ ಬಂಡೆಯ ಬಿರುಕಿನಿಂದ ಕರಿಗುಂಡುಗಳನ್ನು ಮಂಕರಿಗೆ ತುಂಬಿಕೊಂಡು ಹುಲ್ಲಿಗೆ ಹೋಗುತ್ತಾರಂತೆ. ಹಗಲೆಲ್ಲ ಕಾಯುತ್ತಾರಂತೆ. ಬಾಯಿಗೆ ನೀರು ತೋರಿಸುತ್ತಾರಂತೆ. ಒಂದು ಕಡಿಮೆಯಾದರೂ ಹುಡುಕಿ ತರುವವರೆಗೆ ಯಾರೂ ಉಣ್ಣುವಂತಿಲ್ಲವಂತೆ. ಕೊನೆಯಲ್ಲಿ ಹೀಗಿತ್ತು: "ಕೊಟ್ಟಿಗೆ ಒಡೆದರೆ ಸಂಜೆಗೆ ಅವು ಎಲ್ಲಿಗೆ ಬರಬೇಕು?"

ಅದು 'ಕಲ್ಲುಗಾಹಿ'ಯ ಕಟ್ಟಕಡೆಯ ವಾಕ್ಯ. ಒಂದಕ್ಷರ ಆಚೀಚೆ ಇಲ್ಲ. ಆ ವಾಕ್ಯಕ್ಕಾಗಿ ನಾನು ಹದಿನಾರು ದಿನ ಕಾದಿದ್ದೆ, ಬಂದಾಗ ಶಾಂತಿಯನ್ನು ಅಡುಗೆ ಮನೆಯಿಂದ ಕರೆದು ಓದಿ ಹೇಳಿದ್ದೆ.

ಪಶ್ಚಾತ್ತಾಪವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನನಗಾದದ್ದು ದ್ವೇಷ. ಆ ಮುದುಕಿ ಯಾಕಾದರೂ ನನ್ನ ಅಂಗಡಿಗೇ ಬಂದಳು, ಪಕ್ಕದವನದೂ ಇತ್ತಲ್ಲ. ಮೂರು ದಿನ ಅವಳ ಜೊತೆ ಮನಸ್ಸಿನಲ್ಲೇ ಜಗಳವಾಡಿದೆ. ನಿಂದು ವರ್ಷಕ್ಕೊಂದು ದಿನ, ನಂದು ಇಡೀ ಲೋಕ. ನಿಂದು ಎಂಟು ಮನೆ, ನಂದು ಮುನ್ನೂರ ಇಪ್ಪತ್ತು ಪುಟ. ಎಲ್ಲೆ ಸೊರಗುವುದು ನನ್ನದು, ಅದು ನಿನಗೆ ಗೊತ್ತೇ ಇರಲಿಲ್ಲ. ಎಲ್ಲದರಲ್ಲೂ ಗೆದ್ದೆ. ಕೊನೆಯ ವಾಕ್ಯಕ್ಕೆ ಬಂದಾಗ ಮಾತ್ರ ಸೋಲುತ್ತಿದ್ದೆ, ಮತ್ತೆ ಮೊದಲಿಂದ ಜಗಳ ತೆಗೆಯುತ್ತಿದ್ದೆ. ವೃಷಭೇಂದ್ರಪ್ಪನವರು ಗಿಣಿಯನ್ನು ಎತ್ತಿಕೊಂಡರೂ ಎತ್ತಿಕೊಂಡದ್ದು ಅವರಿಗೆ ಗೊತ್ತಿತ್ತು. ನನಗೆ ಅಷ್ಟೂ ಗೊತ್ತಿರಲಿಲ್ಲ.

ಬುಧವಾರ ಸಂಜೆ ಶಾಂತಿಗೆ ಹೇಳಿದೆ. ಅವಳು ಮೊದಲ ಫೈಲನ್ನು ಪೂರ್ತಿ ಓದಿದಳು. "ನಾಳೆ ಓಗಿ ಒಂದು ಮಾತು ಅಂದು ಬಂದ್ಬುಡಿ. ಏನಾದ್ದು? ಇನ್ನೊಂದು ಬರುದ್ರಾಯ್ತು" ಎಂದಳು. ಇನ್ನೊಂದು ಬರೆದರಾಯಿತು ಎನ್ನುವುದು ಬರೆಯದವರಿಗೆ ಬಹಳ ಸಲೀಸು. ಆದರೂ ತಾರೀಖು ಕಾಣುವ ಹಾಗೆ ಪ್ರಿಂಟು ತೆಗೆದು ಬ್ಯಾಗಿನಲ್ಲಿಟ್ಟುಕೊಂಡೆ. ಕೊಡಬೇಕೆಂದೇ ಇಟ್ಟುಕೊಂಡೆ.

ಚಾಮರಾಜನಗರದ ಡಿ.ಸಿ. ಕಚೇರಿಯಲ್ಲಿ ವಿಚಾರಣೆ ಹನ್ನೊಂದೂವರೆಗೆ ಶುರುವಾಯಿತು. ಒಂದು ಕಡೆ ವಕೀಲ ಶಂಕರ್, ಇನ್ನೊಂದು ಕಡೆ ಹುಂಡಿಯ ಏಳೆಂಟು ಜನ. ಅಧಿಕಾರಿ ಐವತ್ತರ ಆಸುಪಾಸಿನವರು, ಮೆಲುದನಿಯವರು. ಶಂಕರ್ ನನ್ನ ಮುನ್ನುಡಿಯನ್ನು ಗಟ್ಟಿಯಾಗಿ ಓದಿದರು. ವೃಷಭೇಂದ್ರಪ್ಪನವರಿಗಿಂತ ಚೆನ್ನಾಗಿ ಓದಿದರು. ಅರ್ಜಿದಾರರ ಬಳಿ ಇದಕ್ಕೆ ಹಿಂದಿನ ಬರವಣಿಗೆ ಏನಾದರೂ ಇದೆಯೇ ಎಂದು ಅಧಿಕಾರಿ ಕೇಳಿದರು. ಚೈತ್ರ ಎದ್ದು ನಿಂತು, "ಬರವಣಿಗೆ ಇವ್ರ ತಾವ ಇತ್ತು ಸಾರ್, ಈಗ ಇಲ್ಲ ಅಂತಾರೆ. ಅವ್ರನ್ನೇ ಕೇಳಿ" ಎಂದಳು. ಎಲ್ಲರೂ ನನ್ನ ಕಡೆ ತಿರುಗಿದರು. ಬ್ಯಾಗಿನ ಜಿಪ್ಪಿನ ಮೇಲೆ ನನ್ನ ಕೈ ಇತ್ತು.

ಅಧಿಕಾರಿ ಪುಸ್ತಕವನ್ನು ಕೈಗೆ ತೆಗೆದುಕೊಂಡರು. "ದೊರೆಸ್ವಾಮಿಯವರೇ, ಕಾಗದಪತ್ರದ ಜೊತೆ ಬಂದದ್ದಕ್ಕೆ ಇದನ್ನ ಓದಿದೆ. ಆಮೇಲೆ ನನಗೋಸ್ಕರ ಇನ್ನೊಂದು ಸಲ ಓದಿದೆ. ಇಷ್ಟು ಹೊಸದಾದ್ದನ್ನ ಓದಿ ಬಹಳ ವರ್ಷ ಆಗಿತ್ತು. ಕಲ್ಲು ಮೇಯುತ್ತೆ ಅನ್ನೋದು ನಿಮಗೆ ಹೇಗೆ ಹೊಳೀತು?"

ಹನ್ನೊಂದು ವರ್ಷ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಹೆಂಡತಿ ಕೇಳಿರಲಿಲ್ಲ, ಬಿಡುಗಡೆಗೆ ಬಂದವರು ಉಪ್ಪಿಟ್ಟು ತಿಂದು ಹೋಗಿದ್ದರು. ಎಷ್ಟೋ ಸಲ ಕನ್ನಡಿಯ ಮುಂದೆ ನಾನೇ ಈ ಪ್ರಶ್ನೆ ಕೇಳಿಕೊಂಡು ನಾನೇ ಉತ್ತರ ಹೇಳಿಕೊಂಡಿದ್ದೆ. ಆ ಉತ್ತರ ನಾಲಿಗೆಯ ಮೇಲೆ ಸಿದ್ಧವಾಗಿತ್ತು. ಚಿಕ್ಕನಿಂಗಮ್ಮ ಸೆರಗಿನ ತುದಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಜೆರಾಕ್ಸ್ ಮಿಷನ್ನಿಗೆ ಟೋನರ್ ಹಾಕ್ತಾ ಇದ್ದೆ ಸಾರ್," ಎಂದೆ. "ಹಂಗೇ ಹೊಳೀತು."

"ಯಾರಿಂದಲೂ ಕೇಳಿದ್ದಲ್ಲ?"

"ಅಲ್ಲ ಸಾರ್."

ಅವರು ತಲೆದೂಗಿ ಬರೆದುಕೊಂಡರು. ಉಳಿದದ್ದು ಹತ್ತು ನಿಮಿಷದ ಕೆಲಸ. ಆಚರಣೆಗೆ ಸ್ವತಂತ್ರ ಆಧಾರವಿಲ್ಲ, ಆಕ್ಷೇಪಣೆ ತಿರಸ್ಕೃತ. ಶಂಕರ್ ಬಂದು ಕೈ ಕುಲುಕಿ, ಪುಸ್ತಕದ ಒಂದು ಪ್ರತಿಗೆ ಸಹಿ ಹಾಕಿಸಿಕೊಂಡರು. ಹಾಕಿಕೊಟ್ಟೆ. ಕೆಳಗೆ ತಾರೀಖನ್ನೂ ಬರೆದೆ, ನನ್ನ ಮೇಲೆ ನನಗೇ ಅಸಹ್ಯವಾಯಿತು.

ಬಸ್ ಸ್ಟ್ಯಾಂಡಿಗೆ ಬಂದರೆ ಅಲ್ಲಿ ಅವರೂ ಇದ್ದರು. ಗುಂಡ್ಲುಪೇಟೆಗೆ ಒಂದೇ ಬಸ್ಸು ನಿಂತಿತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಬೈಯುತ್ತಾರೆ, ಮಣ್ಣು ತೂರುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ಬೈಯಬಹುದಿತ್ತು, ಅದು ನನಗೆ ಬರುವ ವಿದ್ಯೆ. ಮುದುಕಿ ಎಲೆಗೆ ಸುಣ್ಣ ಸವರುತ್ತಾ ನನ್ನ ಕಡೆ ನೋಡದೆ, "ಇಪ್ಪತ್ತೊಂದು ಕರಿಗುಂಡು ಅವ ಕಣವ್ವ. ಮನೇಲಿ ಎಲ್ಲಿ ಮಡಗಾನ?" ಎಂದು ಮೊಮ್ಮಗಳನ್ನು ಕೇಳಿದಳು.

ಚೈತ್ರ ನೇರ ನನ್ನ ಮುಂದೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಅಂಗಡಿಯಲ್ಲಿ ಸಾಮಾನು ಕೇಳುವವರ ಹಾಗೆ ಸಮಾಧಾನವಾಗಿತ್ತು.

"ಬಂಡೆ ಮುಗೀತಲ್ಲ ಸಾರ್, ಮುಂದಿನ ಪುಸ್ತಕಕ್ಕೆ ಏನ್ ಮಾಡೀರಿ? ನಮ್ಮ ಹುಂಡೀಲಿ ಒಂದು ಬಾವಿ ಅದ. ಅದ್ರ ಕತೆ ಇನ್ನೂ ಚಂದಾಗದ. ಯಾರೂ ಎಲ್ಲೂ ಬರ್ದಿಲ್ಲ. ಗುಂಡ್ಲುಪ್ಯಾಟೆಗಂಟ ಯೋಳ್ಕಂಡು ಬರ್ಲಾ?"

"ಸುಮ್ಕಿರಮ್ಮಿ," ಎಂದಳು ಚಿಕ್ಕನಿಂಗಮ್ಮ.

ಚೈತ್ರ ನನಗೆ ಉಗಿಯುತ್ತಿದ್ದಾಳೆಂದು ನನಗೆ ತಿಳಿಯದೆ ಇರಲಿಲ್ಲ. ಎಲ್ಲರ ಮೇಲೂ ಎಗರುವ ನನಗೆ ಆ ಹೊತ್ತಿನಲ್ಲಿ ಸಿಟ್ಟೇ ಬರಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಜನ ಹತ್ತತೊಡಗಿದರು.

"ಯಾವ ಬಾವಿ?" ಎಂದು ಕೇಳಿದೆ.