ಅತ್ತೆ ಹೇಳಿದ ಲಕ್ಷಣಗಳು

ಸಣ್ಣತಾಯಮ್ಮ ಸೊಸೆಯಾಗಿ ಹನಕೆರೆಗೆ ಬಂದ ಹೊಸದರಲ್ಲಿ ಇಬ್ಬರಾಳಿನ ಕೆಲಸವನ್ನು ಒಬ್ಬಳೇ ಮಾಡುತ್ತಿದ್ದಳು. ನಾಟಿಯ ಸಾಲಿನಲ್ಲಿ ಅವಳನ್ನು ಹಿಂದೆ ಹಾಕುವವರು ಇರಲಿಲ್ಲ. ಅತ್ತೆ ರೇವಮ್ಮ ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದಳು. ಎರಡನೆಯ ಹೆರಿಗೆಯಾದ ಮೇಲೆ ಎಲ್ಲ ಬದಲಾಯಿತು.

ಮಗುವಿಗೆ ಒಂಬತ್ತು ತಿಂಗಳಾಗುವ ಹೊತ್ತಿಗೆ ಸಣ್ಣತಾಯಮ್ಮ ಕುಳಿತಲ್ಲೇ ತೂಕಡಿಸತೊಡಗಿದಳು. ರಾಗಿ ಬೀಸಲು ಕೂತರೆ ಗೂಟ ಹಿಡಿದ ಕೈ ಹಾಗೇ ನಿಂತುಬಿಡುತ್ತಿತ್ತು. ಕೇಳಿದ ಮಾತಿಗೆ ಉತ್ತರ ಬರಲು ಒಂದು ಗಳಿಗೆ ಬೇಕಾಗುತ್ತಿತ್ತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು, ಮೈ ಮಾತ್ರ ಊದಿಕೊಳ್ಳುತ್ತಲೇ ಇತ್ತು.

"ಕದ್ದು ತಿಂತಾಳೆ ಕಣ್ಲಾ. ಇಲ್ದಿದ್ರೆ ಈ ಪಾಟಿ ಮೈ ಎಲ್ಲಿಂದ ಬತ್ತದೆ?" ಎಂದು ರೇವಮ್ಮ ಮಗ ಸಿದ್ದರಾಜುವಿಗೆ ಹೇಳಿದಳು. ಅವನು ತಾಯಿಗೆ ಎದುರಾಡುವವನಲ್ಲ. ಹೆಂಡತಿಯನ್ನು ಏನಾಯಿತೆಂದು ಕೇಳುವವನೂ ಅಲ್ಲ.

ಎರಡನೆಯ ಮಹಾಯುದ್ಧ ಶುರುವಾಗಿ ಮೂರನೆಯ ವರ್ಷ. ನಾಲೆಗೆ ನೀರು ಬಿಟ್ಟು ಊರಿಗೆ ಊರೇ ನಾಟಿಗೆ ಇಳಿದಿತ್ತು. ಒಂದು ಮಧ್ಯಾಹ್ನ ರೇವಮ್ಮ ಗದ್ದೆಗೆ ಬಂದಾಗ ಹನ್ನೆರಡು ಹೆಂಗಸರು ಬಗ್ಗಿ ಪೈರು ನೆಡುತ್ತಿದ್ದರು. ಸೊಸೆ ಬದುವಿನ ಮೇಲೆ, ಪೈರಿನ ಕಟ್ಟಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ರೇವಮ್ಮ ಕುಡಿಯುವ ನೀರಿನ ಬಿಂದಿಗೆ ಎತ್ತಿ ಅವಳ ಮುಖದ ಮೇಲೆ ಸುರಿದಳು.

"ಏಳೇ ಮೈಗಳ್ಳಿ."

ಹೆಂಗಸರು ನಕ್ಕರು. ಸಣ್ಣತಾಯಮ್ಮ ಮುಖವನ್ನೂ ಒರೆಸಿಕೊಳ್ಳದೆ ನಿಧಾನವಾಗಿ ಎದ್ದು ಕೆಸರಿಗೆ ಇಳಿದಳು.

ನಾಟಿ ಮುಗಿದ ಮೇಲೆ ರೇವಮ್ಮ ಅವಳನ್ನು ಮಕ್ಕಳಿಬ್ಬರ ಜೊತೆ ತವರೂರು ಕೊಪ್ಪಕ್ಕೆ ಕಳಿಸಿದಳು. "ಸೋಮಾರಿತನ ಬುಟ್ಟ ಮ್ಯಾಲೆ ಬಾ. ಇಲ್ದಿದ್ರೆ ನನ್ ಮಗನಿಗೆ ಬ್ಯಾರೆ ಎಣ್ಣು ತತ್ತೀನಿ," ಎಂದಳು.

ಹದಿನೈದು ದಿನವಾದ ಮೇಲೆ ಕೊಪ್ಪದಿಂದ ಬೀಗಿತಿ ಮಾಯಮ್ಮ ಹೇಳಿ ಕಳಿಸಿದಳು. ಮಗಳನ್ನು ಮಂಡ್ಯದ ಆಸ್ಪತ್ರೆಗೆ ತೋರಿಸಿದ್ದಾರೆ, ಅಲ್ಲಿನ ಲೇಡಿ ಡಾಕ್ಟರು ಗಂಡನ ಮನೆಯವರನ್ನು ಕೇಳುತ್ತಿದ್ದಾರೆ. ರೇವಮ್ಮ ತಾನೇ ಹೊರಟಳು. ಆಸ್ಪತ್ರೆಯಲ್ಲಿ ಏನೇನು ದೂರು ಹೇಳಬೇಕೆಂದು ರೈಲಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಡಾಕ್ಟರಮ್ಮ ಕನ್ನಡಕ ಹಾಕಿದ, ಮೈಸೂರಿನ ಕಡೆಯ ಹೆಂಗಸು. ಮೂವತ್ತು ದಾಟಿರಲಿಕ್ಕಿಲ್ಲ. ಸಣ್ಣತಾಯಮ್ಮ ಆ ಸೆಕೆಯಲ್ಲೂ ಕಂಬಳಿ ಹೊದ್ದು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿದ್ದ ಮಾಯಮ್ಮ ಬೀಗಿತಿಯ ಕಡೆ ತಿರುಗಲಿಲ್ಲ.

"ದಿನಾ ಇವರನ್ನ ನೋಡ್ತಾ ಇದ್ದವರು ನೀವು. ಏನೇನು ಕಂಡಿರಿ, ಹೇಳಿ," ಎಂದರು ಡಾಕ್ಟರು.

"ಏನಂತ ಯೇಳ್ಲಿ ತಾಯಿ. ಬಿಸ್ಲಲ್ಲಿ ಕೂತ್ರೂ ಚಳಿ ಅಂತಾಳೆ. ತಲೆ ಬಾಚ್ಕೊಂಡ್ರೆ ಮನೆ ತುಂಬ ಕೂದ್ಲು. ಉಬ್ಬೂ ಉದ್ರೋಗದೆ ನೋಡಿ."

ಡಾಕ್ಟರು ಬರೆದುಕೊಂಡರು. "ದನಿ?"

"ಗಂಡಸ್ರ ದನಿ ಆಗೋಯ್ತು. ಹೆರಿಗೆಗೆ ಮುಂಚೆ ಇಂಗಿರ್ನಿಲ್ಲ."

"ಮುಟ್ಟು ಸರಿಯಾಗಿ ಆಗತ್ತಾ?"

ರೇವಮ್ಮ ದನಿ ತಗ್ಗಿಸಿದಳು. "ಸುರುವಾದ್ರೆ ಹತ್ತು ದಿನ್ವಾದ್ರೂ ನಿಲ್ಲಕಿಲ್ಲ. ಅದ್ನೇ ನೆಪ ಮಾಡ್ಕೊಂಡು ಮೂಲೆ ಇಡೀತಾಳೆ."

"ಬೆವರು ಬರತ್ತಾ?"

"ಗದ್ದೇಲಿ ಎಲ್ರ ಬೆನ್ನೂ ನೆಂದೋಗಿರ್ತದೆ, ಇವಳ್ದು ಒಣಗ್ಕೊಂಡೇ ಇರ್ತದೆ. ಗೇಯ್ದ್ರಲ್ವಾ ಬೆವರು ಬರೋದು."

ಡಾಕ್ಟರು ಪೆನ್ನು ಕೆಳಗಿಟ್ಟು ರೇವಮ್ಮನನ್ನು ನೋಡಿದರು. "ಅಮ್ಮ, ನೀವು ಬಹಳ ಚೆನ್ನಾಗಿ ಗಮನಿಸಿದ್ದೀರಿ. ಓದಿದವರೂ ಇಷ್ಟು ಸರಿಯಾಗಿ ಹೇಳೋದಿಲ್ಲ. ನೀವು ಹೇಳಿದ್ದೆಲ್ಲ ಒಂದೇ ಕಾಯಿಲೆಯ ಲಕ್ಷಣ."

ಆಮೇಲೆ ತಮ್ಮ ಕತ್ತಿನ ಮೇಲೆ ಬೆರಳಿಟ್ಟು ತಿಳಿಸಿದರು. ಇಲ್ಲೊಂದು ಗ್ರಂಥಿ ಇದೆ. ಅದರಿಂದ ಒಸರುವ ರಸ ರಕ್ತಕ್ಕೆ ಸೇರಿದರೆ ಮೈ ಬೆಚ್ಚಗಿರುತ್ತದೆ, ಬುದ್ಧಿ ಚುರುಕಾಗಿರುತ್ತದೆ, ಮುಟ್ಟು ಹದವಾಗಿರುತ್ತದೆ. ಹೆರಿಗೆಯಾದ ಮೇಲೆ ಕೆಲವರಿಗೆ ಅದು ಸೊರಗಿಹೋಗುತ್ತದೆ. "ಇವರು ಸೋಮಾರಿಯಲ್ಲ. ಈ ಸ್ಥಿತೀಲಿ ಗದ್ದೆಗೆ ಹೋಗ್ತಿದ್ದದ್ದೇ ಹೆಚ್ಚು."

ರೇವಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಹೊಗಳಿಕೆ ತಡೆಯಲಾಗಲಿಲ್ಲ. ಆ ಮನೆಯಲ್ಲಿ ಈ ಹುಡುಗಿಯನ್ನು ಅವಳಷ್ಟು ಹತ್ತಿರದಿಂದ ನೋಡಿದವರು ಇನ್ನೊಬ್ಬರಿರಲಿಲ್ಲ. ಉದುರಿದ ಕೂದಲು, ಒಣಗಿದ ಬೆನ್ನು, ಒಡೆದ ದನಿ, ಎಲ್ಲವನ್ನೂ ನೋಡಿದ್ದಳು. ನೋಡಿದ್ದನ್ನೆಲ್ಲ ಬೈಗುಳಕ್ಕೆ ಬಳಸಿಕೊಂಡಿದ್ದಳು.

ಹೊರಗೆ ಬಂದ ಮೇಲೆ ಮಾಯಮ್ಮ ಮೆಲ್ಲಗೆ ಹೇಳಿದಳು: "ಇಷ್ಟೆಲ್ಲ ಗೊತ್ತಿತ್ತಲ್ಲ ಬೀಗಿತಿ, ನನ್ಗೊಂದು ಮಾತು ಯೇಳ್ಕಳ್ಸಿದ್ರೆ ಆಗ್ತಿತ್ತು."

ಆ ಕಾಯಿಲೆಗೆ ಔಷಧಿ ಕುರಿಯ ಗ್ರಂಥಿಯನ್ನು ಒಣಗಿಸಿ ಮಾಡಿದ ಮಾತ್ರೆಗಳಂತೆ. ಯುದ್ಧಕಾಲವಾದ್ದರಿಂದ ಮೈಸೂರಿನಿಂದ ತರಿಸಲು ವಾರಗಟ್ಟಲೆ ಕಾಯಬೇಕಾಗಿತ್ತು. ಸಣ್ಣತಾಯಮ್ಮ ತವರಿನಲ್ಲೇ ಉಳಿದಳು. ಇತ್ತ ರೇವಮ್ಮ ಒಂದು ಕೆಲಸ ಮಾಡಿದಳು. ಕಳೆ ಕೀಳಲು ಬಂದ ಹೆಂಗಸರ ಮುಂದೆ ನಿಂತು, "ಸಣ್ತಾಯಿದು ಕಾಯ್ಲೆ ಕಣ್ರವ್ವ, ಮೈಗಳ್ಳತನ ಅಲ್ಲ. ತಪ್ಪು ನಂದು," ಎಂದಳು. ಪಟ್ಟಲಮ್ಮ ಎಂಬವಳು ಕಳೆ ಕೀಳುತ್ತಲೇ, "ನಾವೂ ನಕ್ಕಿದ್ವಲ್ಲವ್ವ," ಎಂದಳು.

ದಸರೆ ಕಳೆದ ಮೇಲೆ ರೇವಮ್ಮ ಕೊಪ್ಪಕ್ಕೆ ಹೋದಳು. ಸಣ್ಣತಾಯಮ್ಮ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಮುಖದ ಊತ ಇಳಿದಿತ್ತು. ಹಣೆಯ ಮೇಲೆ ಸಣ್ಣ ಸಣ್ಣ ಬೆವರ ಹನಿ. ಅದನ್ನು ಕಂಡು ರೇವಮ್ಮನಿಗೆ ದಾರಿಯಲ್ಲಿ ಯೋಚಿಸಿದ್ದ ಮಾತುಗಳೆಲ್ಲ ಮರೆತುಹೋದವು.

"ಮನೆಗೆ ಬಾ ಕಣಮ್ಮ. ನಾನು ನಿನ್ಗೆ ಮಾಡ್ಬಾರದ್ದು ಮಾಡ್ದೆ."

ಸಣ್ಣತಾಯಮ್ಮ ಕೈ ತೊಳೆದುಕೊಂಡು ಬಂದಳು. "ದೀಪಾವಳಿ ಮುಗುಸ್ಕೊಂಡು ಬತ್ತೀನಿ ಅತ್ತೆ. ನೀವು ಬೈದಿದ್ಕೆ ನಂಗೇನೂ ಬ್ಯಾಸರ ಇಲ್ಲ. ಆದ್ರೆ ನೀವು ಅಂದ ಹಂಗೇ ನಾನು ಸೋಮಾರಿ ಅಂತ ನಾನೇ ನಂಬ್ಬುಟ್ಟಿದ್ದೆ. ದಿನಾ ನನ್ನ ನಾನೇ ಬೈಕೊಂತಿದ್ದೆ. ಅದೊಂದು ಮರಿಯಕ್ಕಾಗ್ತಿಲ್ಲ."



ಸಣ್ಣತಾಯಮ್ಮ ಹೇಳಿದಂತೆ ಬಂದಳು. ತಿಂಗಳಿಗೊಮ್ಮೆ ರೇವಮ್ಮನೇ ಮಂಡ್ಯಕ್ಕೆ ಹೋಗಿ ಮಾತ್ರೆ ತರುತ್ತಿದ್ದಳು, ಮಗ ಹೋಗುತ್ತೇನೆಂದರೂ ಬಿಡುತ್ತಿರಲಿಲ್ಲ. ಸೊಸೆ ಎರಡೂ ಕೈಯಲ್ಲಿ ಪೊಟ್ಟಣ ತೆಗೆದುಕೊಂಡು, ಮರ್ಯಾದೆಯಿಂದಲೇ ನಾಲ್ಕು ಮಾತಾಡಿ ಒಳಗೆ ಹೋಗುತ್ತಿದ್ದಳು. ಒಮ್ಮೆಯೂ ಎದುರು ನುಡಿಯಲಿಲ್ಲ, ಹಳೆಯದನ್ನು ಎತ್ತಲಿಲ್ಲ. ಒಂದು ದಿನವಾದರೂ ಇವಳು ನನ್ನ ಜೊತೆ ಜಗಳ ಆಡಬಾರದೇ ಎಂದು ರೇವಮ್ಮ ಜಗಲಿಯ ಮೇಲೆ ಕೂತು ಕಾಯುತ್ತಿದ್ದಳು.